ಖಾನಾಪುರದ ಶೆಡ್ಡಿನಿಂದ ಬಂದ ಟಾಟಾ ಎಸ್ಟೇಟ್: ತುಕ್ಕಿನ ಜೊತೆ ಇಪ್ಪತ್ತು ತಿಂಗಳು

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಗಾಡಿಯ ನೆಲವನ್ನು ನಾನು ಎರಡು ಸಲ ಕಟ್ಟಿದೆ. ಮೊದಲ ಸಲದ್ದು ಒಂದೇ ಮಳೆಗೆ ಹಾಳಾಯಿತು. ನೀರು ಎಲ್ಲಿಂದ ಬರುತ್ತಿದೆ ಅಂತ ನೋಡದೆ ತೂತು ಮುಚ್ಚುತ್ತಾ ಹೋಗಿದ್ದೆ, ಅದೇ ತಪ್ಪು. ಪೂರ್ತಿ ಓದೋಕೆ ಪುರುಸೊತ್ತು ಇಲ್ಲದವರು ಜೂನ್ 2024ರ ಭಾಗವನ್ನಾದರೂ ಓದಿ.

24 ಅಕ್ಟೋಬರ್ 2023, ವಿಜಯದಶಮಿ

ಗಾಡಿ ನಮ್ಮ ಸೋದರಮಾವನದು. ಟಾಟಾ ಎಸ್ಟೇಟ್, 1995ರದು, ಕೆಎ 22 ನಂಬರು. ಟಾಟಾದವರು ಈ ಗಾಡಿಯನ್ನು 1992ರಲ್ಲಿ ತಂದರು. ಹಿಂದೆ ಉದ್ದನೆಯ ಡಿಕ್ಕಿ, ಪವರ್ ವಿಂಡೋ, ಪವರ್ ಸ್ಟೀರಿಂಗ್. ಆಗ ನಮ್ಮ ಕಡೆ ಅದನ್ನು ನೋಡೋಕೆ ಜನ ನಿಲ್ಲುತ್ತಿದ್ದರು. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ನಾವು ಎಂಟು ಮಂದಿ ಇದರಲ್ಲೇ ಹೋಗುತ್ತಿದ್ದೆವು, ಹುಡುಗರೆಲ್ಲ ಡಿಕ್ಕಿಯಲ್ಲಿ. 2011ರಿಂದ ಖಾನಾಪುರದ ಪತ್ರಾಸಿನ (ತಗಡಿನ) ಶೆಡ್ಡಿನಲ್ಲಿ ನಿಂತಿತ್ತು. ಖಾನಾಪುರದ ಮಳೆ ಗೊತ್ತಲ್ವಾ, ಶೆಡ್ಡಿನ ಒಂದು ಪತ್ರಾ ಹಾರಿ ಹೋಗಿದ್ದು ಯಾರೂ ಗಮನಿಸಿರಲಿಲ್ಲ.

ಮಾವ ಮೊದಲು ಒಪ್ಪಲಿಲ್ಲ. ಆಮೇಲೆ "ಮಹಾನವಮಿ ಅಮಾಸಿ ದಿನ ಗಾಡಿ ಎತ್ತಬ್ಯಾಡ, ದಸರಾಕ್ಕ ಬಾ" ಅಂದರು. ದಸರಾ ದಿನ ಬನ್ನಿ ಕೊಟ್ಟು ಅದರ ಜೊತೆಗೇ ಕೀಲಿ ಕೈಯಲ್ಲಿಟ್ಟರು. "ಒಯ್ಯೋದಾದ್ರ ಒಯ್ಯಿ ತಮ್ಮಾ. ಆದ್ರ ಮೋಡ್ಕಾಕ್ಕ ಹಾಕಬ್ಯಾಡ, ಅಷ್ಟ." ಮೋಡ್ಕಾ ಅಂದರೆ ಗುಜರಿ.

ಟೋಯಿಂಗ್ ಗಾಡಿಗೆ 3,500 ರೂಪಾಯಿ. ನಾಲ್ಕೂ ಚಕ್ರ ಜಾಮ್ ಆಗಿದ್ದವು, ಎಳೆದು ಹತ್ತಿಸೋಕೇ ಒಂದೂವರೆ ತಾಸು ಹಿಡಿಯಿತು. ಬೆಳಗಾವಿ ಅನಗೋಳದ ನಮ್ಮ ಮನೆ ಮುಂದೆ ಇಳಿಸಿದಾಗ ಎಡಗಡೆ ಬಾಗಿಲ ಕೆಳಗಿನಿಂದ ತುಕ್ಕಿನ ಪುಡಿ ಸೋರಿ ಬಿತ್ತು. ಗುಡಿಸಿ ಎತ್ತಿದರೆ ಒಂದು ಮೊರ ತುಂಬಿತು.

ನವೆಂಬರ್ 2023: ಬಿಚ್ಚಿದ್ದು

ನಾನು ಉದ್ಯಮಬಾಗದ ಒಂದು ಮಷಿನ್ ಶಾಪಿನಲ್ಲಿ ಇನ್‌ಸ್ಪೆಕ್ಷನ್ ಕೆಲಸ ಮಾಡುತ್ತೇನೆ. ಅಳತೆ ತೆಗೆಯೋದು ದಿನದ ಕೆಲಸ. ವೆಲ್ಡಿಂಗ್ ಮಾತ್ರ ಅಲ್ಲಿವರೆಗೆ ಕೈಯಲ್ಲಿ ಹಿಡಿದವನಲ್ಲ. ಕೆಲಸ ಎಲ್ಲ ಭಾನುವಾರ ಮತ್ತು ಸಂಜೆ ಎರಡು ತಾಸು.

ಮೊದಲು ಸೀಟು, ಆಮೇಲೆ ಕಾರ್ಪೆಟ್ಟು, ಅದರ ಕೆಳಗಿನ ಫೆಲ್ಟು. ಮಳೆಗಾಲ ಮುಗಿದು ತಿಂಗಳಾಗಿತ್ತು, ಆದರೂ ಫೆಲ್ಟು ಒದ್ದೆ. ಕೈಯಲ್ಲಿ ಹಿಂಡಿದರೆ ಕಂದು ನೀರು. ತೂಕ ಹಾಕಿ ನೋಡಿದೆ, 11 ಕಿಲೋ. ನಾಲ್ಕು ದಿನ ಟೆರೇಸಿನ ಮೇಲೆ ಒಣಗಿಸಿದ ಮೇಲೆ 4 ಕಿಲೋ. ಅಂದರೆ ಏಳು ಲೀಟರ್ ನೀರು ಅಲ್ಲೇ ಕೂತಿತ್ತು, ಪತ್ರಾಕ್ಕೆ ಅಂಟಿಕೊಂಡು. ಆ ಸಂಖ್ಯೆ ವಹಿಯಲ್ಲಿ ಬರೆದಿಟ್ಟೆ, ಆದರೆ ಅದು ಏನು ಹೇಳುತ್ತಿದೆ ಅಂತ ಆಗ ಯೋಚಿಸಲಿಲ್ಲ.

ಸ್ಕ್ರೂ ಡ್ರೈವರ್ ಮತ್ತು ಸಣ್ಣ ಸುತ್ತಿಗೆ ಹಿಡಿದು ಪೂರ್ತಿ ಬಾಡಿ ತಟ್ಟಿದೆ. ಗಟ್ಟಿ ಇದ್ದ ಕಡೆ ಠಣ್ ಅನ್ನುತ್ತದೆ, ಸತ್ತ ಕಡೆ ದಪ್ ಅನ್ನುತ್ತದೆ. ದಪ್ ಅಂದ ಕಡೆ ಎಲ್ಲ ಸೀಮೆಸುಣ್ಣದಲ್ಲಿ ಗುಂಡು ಬರೆದೆ. 23 ಗುಂಡು ಆದವು. ಮುಂದಿನ ಎರಡೂ ಕಾಲಿಡುವ ಜಾಗ, ಬಾಗಿಲ ಕೆಳಗಿನ ಎಡಗಡೆ ಸಿಲ್ಲು ಪೂರ್ತಿ, ಬಲಗಡೆ ಸಿಲ್ಲು ಒಂದೂವರೆ ಅಡಿ, ನಾಲ್ಕೂ ಬಾಗಿಲ ತಳ, ಡಿಕ್ಕಿಯ ಎರಡು ಮೂಲೆ. ಒಳ್ಳೆಯ ಸುದ್ದಿ ಒಂದೇ. ಈ ಗಾಡಿಯಲ್ಲಿ ಬಾಡಿ ಬೇರೆ, ಅದನ್ನು ಹೊರುವ ಕೆಳಗಿನ ಚೌಕಟ್ಟು, ಅಂದರೆ ಚಾಸಿ, ಬೇರೆ. ಚಾಸಿ ಎಲ್ಲ ಕಡೆ ಠಣ್ ಅಂದಿತು. ಅದೂ ದಪ್ ಅಂದಿದ್ದರೆ ನಾನು ಕೈ ಹಾಕುತ್ತಿರಲಿಲ್ಲ.

ಇಲ್ಲಿ ಮಾಡಿದ ತಪ್ಪು: ಬೋಲ್ಟುಗಳಿಗೆ ಪ್ಲಾಸ್ಟಿಕ್ ಚೀಲ, ಚೀಲಕ್ಕೆ ಚೀಟಿ, ಎಲ್ಲ ಸರಿಯಾಗಿ ಮಾಡಿದೆ. ಆದರೆ ಡ್ಯಾಶ್‌ಬೋರ್ಡ್ ಹಿಂದಿನ ವೈರುಗಳಿಗೆ ಚೀಟಿ ಕಟ್ಟಲಿಲ್ಲ, ಫೋಟೋ ಸಾಕು ಅಂದುಕೊಂಡೆ. ಮೂವತ್ತು ವರ್ಷದ ಧೂಳು ಕೂತ ವೈರಿನ ಬಣ್ಣ ಫೋಟೋದಲ್ಲಿ ಗೊತ್ತಾಗೋದಿಲ್ಲ. ಮುಂದೆ ಅದಕ್ಕೇ ಮೂರು ಭಾನುವಾರ ಹೋದವು.

ಡಿಸೆಂಬರ್ 2023, ಜನವರಿ 2024: ಇಂಜಿನ್

ಇಂಜಿನ್ ಜಾಮ್ ಆಗಿತ್ತು. ನಾಜಲ್ (ಡೀಸೆಲ್ ಚಿಮ್ಮಿಸುವುದು) ಮತ್ತು ಗ್ಲೋ ಪ್ಲಗ್ (ಶುರು ಮಾಡುವಾಗ ಬಿಸಿ ಕೊಡುವುದು) ಬಿಚ್ಚಿ ಒಂದೊಂದು ಸಿಲಿಂಡರಿಗೂ ಡೀಸೆಲ್ ಮತ್ತು ಇಂಜಿನ್ ಆಯಿಲ್ ಅರ್ಧಕ್ಕರ್ಧ ಸೇರಿಸಿ 50 ಮಿ.ಲೀ. ಸುರಿದೆ. ದಿನಾ ಸಂಜೆ ಕ್ರ್ಯಾಂಕ್ ಬೋಲ್ಟಿಗೆ ಸಾಕೆಟ್ ಹಾಕಿ, ಮೂರಡಿ ಪೈಪಿನಿಂದ ಹಿಂದೆ ಮುಂದೆ ಮೆಲ್ಲಗೆ ಒತ್ತುತ್ತಿದ್ದೆ. ಜೋರು ಮಾಡಲಿಲ್ಲ. ಆರನೇ ದಿನ ಒಂದು ಬೆರಳಿನಷ್ಟು ಸರಿಯಿತು. ಮಗಳು ಟಾರ್ಚ್ ಹಿಡಿದು ನಿಂತಿದ್ದಳು, ಅವಳೇ ಮೊದಲು ನೋಡಿದ್ದು.

ಬಿಚ್ಚುವಾಗ ಒಂದು ಗ್ಲೋ ಪ್ಲಗ್ ಹೆಡ್ಡಿನಲ್ಲೇ, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳದಲ್ಲೇ, ಮುರಿಯಿತು. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟು ನೆನೆಸಿಡಬೇಕಿತ್ತು, ಬಿಡಲಿಲ್ಲ. ಹೇಗೂ ಹೆಡ್ ಇಳಿಸಬೇಕಾಯಿತು. ಇಳಿಸಿದ್ದೂ ಒಳ್ಳೆಯದಾಯಿತು, ಬೋರ್ (ಸಿಲಿಂಡರಿನ ಒಳ ಅಗಲ) ಅಳೆಯೋಕೆ ಸಿಕ್ಕಿತು. ಈ ಇಂಜಿನ್ ಹೆಸರು 483. ನಾಲ್ಕು ಸಿಲಿಂಡರ್, 83 ಮಿ.ಮೀ. ಬೋರ್ ಅಂತ ಅರ್ಥ. ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ಉದ್ದ, 90 ಮಿ.ಮೀ. ಗುಣಿಸಿದರೆ 1948 ಸಿಸಿ ಸರಿಯಾಗಿ ಬರುತ್ತದೆ. ನಮ್ಮದರಲ್ಲಿ ಹೆಚ್ಚು ಸವೆದ ಕಡೆ 83.06 ಸಿಕ್ಕಿತು. ಬೋರ್ ದೊಡ್ಡದು ಮಾಡಿಸಲಿಲ್ಲ, ಒಳಗೋಡೆಯನ್ನು ಸಣ್ಣಗೆ ಉಜ್ಜುವ ಹೋನಿಂಗ್ ಮಾತ್ರ ಮಾಡಿಸಿ ಹೊಸ ರಿಂಗ್ ಹಾಕಿದೆ.

ಈ ಗಾಡಿ ಇಟ್ಟುಕೊಂಡವರಿಗೆ ಒಂದು ಸಮಾಧಾನ ಇದೆ. ಹಳೆ ಟಾಟಾ ಸುಮೋದಲ್ಲೂ ಇದೇ ಇಂಜಿನ್ ಇತ್ತು. ನಮ್ಮ ಕಡೆ ಹಳ್ಳಿಗಳಿಗೆ ಸುಮೋ ಎಷ್ಟು ಓಡಿದವು ಅಂದರೆ ರಿಂಗು, ಗ್ಯಾಸ್ಕೆಟ್ಟು, ವಾಟರ್ ಪಂಪಿಗೆ ಈಗಲೂ ಕಷ್ಟ ಇಲ್ಲ. ಅಂಗಡಿಯಲ್ಲಿ ಎಸ್ಟೇಟ್ ಅಂತ ಕೇಳಬೇಡಿ, ಹಳೆ ಸುಮೋ ಅನ್ನಿ. ಬಾಡಿಯ ಸಾಮಾನು ಮಾತ್ರ ಎಲ್ಲೂ ಸಿಗೋದಿಲ್ಲ.

28 ಜನವರಿಗೆ ಇಂಜಿನ್ ಶುರು ಆಯಿತು. ಡೀಸೆಲ್ ಟ್ಯಾಂಕ್ ಇನ್ನೂ ತೊಳೆದಿರಲಿಲ್ಲ, ಐದು ಲೀಟರ್ ಕ್ಯಾನಿನಿಂದ ಪೈಪ್ ಕೊಟ್ಟಿದ್ದೆ. ಮಾವನಿಗೆ ಫೋನ್ ಮಾಡಿ ಸದ್ದು ಕೇಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಅದ ಐತಿ, ಅದ ಸದ್ದು" ಅಂದರು.

ಫೆಬ್ರುವರಿಯಿಂದ ಮೇ 2024: ಮೊದಲ ನೆಲ, ಪೂರ್ತಿ ತಪ್ಪು

ಇಂಜಿನ್ ಆಯಿತು, ಇನ್ನು ನೆಲ ಏನು ಮಹಾ ಅನ್ನಿಸಿತು. ಅವಸರ ಮಾಡಿದೆ. ಏನೇನು ಮಾಡಿದೆ ಅಂತ ಒಂದೂ ಬಿಡದೆ ಬರೆಯುತ್ತೇನೆ.

ದೊಡ್ಡ ತೂತುಗಳಿಗೆ ತಗಡು ಇಟ್ಟು ಪಾಪ್ ರಿವೆಟ್ ಹೊಡೆದೆ. ಸಣ್ಣ ತೂತುಗಳಿಗೆ ಫೈಬರ್ ಮ್ಯಾಟ್ ಮತ್ತು ರೆಸಿನ್. ಸಿಲ್ಲಿಗೆ ಪಕ್ಕದ ಗ್ರಿಲ್ ಕೆಲಸದವರನ್ನು ಕರೆದು ಆರ್ಕ್ ವೆಲ್ಡಿಂಗ್ ಮಾಡಿಸಿದೆ. ಬಾಡಿ ಪತ್ರಾ ಚೆನ್ನಾಗಿದ್ದ ಕಡೆ 0.9 ಮಿ.ಮೀ. ಇತ್ತು, ತುಕ್ಕಿನ ಅಂಚಿನಲ್ಲಿ 0.35. ಅದಕ್ಕೆ ಗೇಟು ಬೆಸೆಯುವ ರಾಡ್ ಹಿಡಿದರೆ ಏನಾಗುತ್ತದೆ? ಒಂದು ತೂತು ಮುಚ್ಚೋಕೆ ಹೋಗಿ ಪಕ್ಕದಲ್ಲಿ ಎರಡು ಸುಟ್ಟವು. ಆ ಸುಟ್ಟಿದ್ದರ ಮೇಲೆ ಪುಟ್ಟಿ. ಪುಟ್ಟಿ ಮೇಲೆ ರೆಡ್ ಆಕ್ಸೈಡ್. ಕೆಳಗಿನಿಂದ ದಪ್ಪಗೆ ಕರಿ ಅಂಡರ್ ಕೋಟ್. ನೋಡೋಕೆ ಹೊಸ ಗಾಡಿ ಥರ ಇತ್ತು. 6,200 ರೂಪಾಯಿ ಖರ್ಚಾಗಿತ್ತು.

ಜೂನ್ 2024: ರಂಗೋಲಿ

ಜೂನ್ ಎರಡನೇ ವಾರದ ಮಳೆ. ಮೂರು ದಿನ ಹಿಡಿದು ಬಿಡಲಿಲ್ಲ. ನಾಲ್ಕನೇ ದಿನ ಬಾಗಿಲು ತೆಗೆದರೆ ಎಡಗಡೆ ಮುಂದಿನ ಕಾಲಿಡುವ ಜಾಗದಲ್ಲಿ ಎರಡು ಬೆರಳು ನೀರು ನಿಂತಿತ್ತು. ಕೆಳಗಿನ ತೂತು ಎಲ್ಲ ಮುಚ್ಚಿದ್ದೆನಲ್ಲ, ಈಗ ನೀರಿಗೆ ಹೊರಗೆ ಹೋಗೋ ದಾರಿಯೂ ಇರಲಿಲ್ಲ. ಪುಟ್ಟಿಯ ಅಂಚು ಉಬ್ಬಿತ್ತು. ಉಗುರಿನಿಂದ ಎಬ್ಬಿಸಿದೆ, ಬಿಸ್ಕತ್ತಿನಂತೆ ಎದ್ದು ಬಂತು. ಕೆಳಗೆ ಹೊಸ ತುಕ್ಕು, ಕೇಸರಿ ಬಣ್ಣದ್ದು. ಪುಟ್ಟಿ ನೀರು ಹೀರುತ್ತದೆ. ರೆಡ್ ಆಕ್ಸೈಡ್ ಒಂದೇ ಹಚ್ಚಿಬಿಟ್ಟರೆ ನೀರು ತಡೆಯುವುದಿಲ್ಲ. ಎರಡೂ ನನಗೆ ಆವತ್ತು ಗೊತ್ತಾಯಿತು.

ತುಂಬಾ ಬೇಜಾರಾಯಿತು. ಎರಡು ವಾರ ಗಾಡಿ ಮುಟ್ಟಲಿಲ್ಲ.

ದಾರಿ ತೋರಿಸಿದ್ದು ನಮ್ಮ ಅವ್ವ. ಹಂಚಿನ ಮನೆ ಸೋರಿದಾಗ ಊರಲ್ಲಿ ಏನು ಮಾಡುತ್ತಿದ್ದರು ಅಂತ ನೆನಪು ಮಾಡಿ, "ಒಣಾ ಮಾಡಿ ರಂಗೋಲಿ ಉದುರಿಸು, ನೀರ ಎಲ್ಲಿಂದ ಬರತೈತಿ ಅದ ಹೇಳತೈತಿ" ಅಂದಳು. ಹಾಗೇ ಮಾಡಿದೆ. ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಹಚ್ಚಿ ಒಣಗಿಸಿ, ನೆಲಕ್ಕೆ, ಡ್ಯಾಶ್‌ಬೋರ್ಡ್ ಕೆಳಗಿನ ಗೋಡೆಗೆ, ಡಿಕ್ಕಿಗೆ ಎಲ್ಲ ರಂಗೋಲಿ ಪುಡಿ ಹಚ್ಚಿದೆ. ನಾನು ಒಳಗೆ ಕೂತೆ, ಹೆಂಡತಿ ಹೊರಗಿನಿಂದ ಚೊಂಬಿನಲ್ಲಿ ನೀರು ಹಾಕಿದಳು. ಪೈಪ್ ಬೇಡ, ಚೊಂಬೇ ಸರಿ. ಒಂದು ಜಾಗಕ್ಕೆ ನೀರು ಹಾಕಿ ಐದು ನಿಮಿಷ ಕಾಯಬೇಕು, ಆಮೇಲೆ ಮುಂದಿನ ಜಾಗ. ಎಲ್ಲ ಕಡೆ ಒಟ್ಟಿಗೆ ಸುರಿದರೆ ಯಾವುದು ಎಲ್ಲಿಂದ ಬಂತು ಅಂತ ತಿಳಿಯೋದಿಲ್ಲ.

ಮುಂದಿನ ಗಾಜಿನ ಬುಡಕ್ಕೆ ಮೂರನೇ ಚೊಂಬು ಬಿದ್ದಾಗ ಬಿಳಿ ಪುಡಿಯ ಮೇಲೆ ಒಂದು ಕಪ್ಪು ಗೆರೆ ಇಳಿಯಿತು. ಸಣ್ಣಗೆ, ಇರುವೆ ಸಾಲಿನ ಹಾಗೆ, ಡ್ಯಾಶ್‌ಬೋರ್ಡ್ ಹಿಂದಿನಿಂದ ನೇರ ಎಡಗಡೆ ನೆಲಕ್ಕೆ. ನೋಡುತ್ತಾ ಕೂತಿದ್ದೆ. ಎಂಟು ತಿಂಗಳಿನಿಂದ ನಾನು ಕೆಳಗೆ ಮಲಗಿ ಹುಡುಕಿದ್ದು ಮೇಲಿತ್ತು.

ವೈಪರ್ ಕೆಳಗೆ ಗಾಳಿ ಜಾಲರಿ ಇರುತ್ತದಲ್ಲ, ಅದನ್ನು ಬಿಚ್ಚಿದೆ. ಒಳಗಿನ ಕಂಡಿ ತುಂಬಾ ಹಲಸಿನ ಎಲೆ ಕೊಳೆತು ಗೊಬ್ಬರ ಆಗಿತ್ತು, ಕೈಯಿಂದ ತೆಗೆದಿದ್ದು 1.4 ಕಿಲೋ. ಒಂದು ಸಸಿಯೂ ಮೊಳೆತಿತ್ತು. ನೀರು ಇಳಿದು ಹೋಗಬೇಕಾದ ಬಾಯಿ ಮುಚ್ಚಿತ್ತು, ಹಾಗಾಗಿ ಅದು ತುಂಬಿ ಒಳಗೆ ಬರುತ್ತಿತ್ತು. ಎರಡನೇ ಗೆರೆ ಡಿಕ್ಕಿ ಬಾಗಿಲ ಅಂಚಿನ ರಬ್ಬರ್ ಪಟ್ಟಿಯಿಂದ, ಅಂದರೆ ಬೀಡಿಂಗಿನಿಂದ ಬಂತು. ಮೂರನೆಯದು ನನ್ನದೇ ತಪ್ಪು. ಬಾಗಿಲ ತಳದಲ್ಲಿ ಗಾಜಿನ ನೀರು ಹೊರಗೆ ಹೋಗೋಕೆ ಸಣ್ಣ ತೂತು ಇರುತ್ತವೆ. ನಾಲ್ಕೂ ಬಾಗಿಲಲ್ಲಿ ಆ ತೂತುಗಳನ್ನು ನಾನು ಅಂಡರ್ ಕೋಟ್ ಬಳಿದು ಮುಚ್ಚಿಬಿಟ್ಟಿದ್ದೆ. ಬಾಗಿಲು ಅಲ್ಲಾಡಿಸಿದರೆ ಒಳಗೆ ನೀರು ಕೊಡದಲ್ಲಿ ತುಳುಕಿದಂತೆ ಸದ್ದು ಬರುತ್ತಿತ್ತು.

ಎಲ್ಲ ತೂತು 6 ಮಿ.ಮೀ. ಡ್ರಿಲ್ಲಿನಿಂದ ಬಿಡಿಸಿದೆ. ಆ ಮಳೆಗಾಲ ಪೂರ್ತಿ ತಾಡಪತ್ರಿ ಹೊದಿಸಿ ನಿಲ್ಲಿಸಿದೆ.

ಅಕ್ಟೋಬರ್ 2024ರಿಂದ ಜನವರಿ 2025: ಕತ್ತರಿಸಿ ಬೆಸೆದಿದ್ದು

ಮೊದಲ ನೆಲವನ್ನು ಪೂರ್ತಿ ಕಿತ್ತೆ. ನಮ್ಮ ಶಾಪಿನ ಹತ್ತಿರ ಬಾಡಿ ಕೆಲಸ ಮಾಡುವ ಒಬ್ಬ ಕಾಕಾ ಇದ್ದಾರೆ, ನಲವತ್ತು ವರ್ಷದ ಅನುಭವ. ನಾಲ್ಕು ಶನಿವಾರ ಅವರ ಪಕ್ಕ ನಿಂತು ಮಿಗ್ ವೆಲ್ಡಿಂಗ್ ಕಲಿತೆ. 0.8 ಮಿ.ಮೀ. ತಂತಿ, ಸಿಓ2 ಗ್ಯಾಸ್. ಅವರು ಮೊದಲು ಹೇಳಿದ ಮಾತು: "ಸರ, ಗೆರಿ ಹೊಡೀಬ್ಯಾಡ್ರಿ. ಚುಕ್ಕಿ ಇಡ್ರಿ."

ಮಷಿನ್ ಬಾಡಿಗೆಗೆ ತಂದೆ. ಬೆಸೆಯುವ ಮುಂಚೆ ಬ್ಯಾಟರಿ ಬಿಚ್ಚಿ ಇಡಿ, ಡೀಸೆಲ್ ಟ್ಯಾಂಕ್ ಇಳಿಸಿ ದೂರ ಇಡಿ, ಪಕ್ಕದಲ್ಲಿ ಬಕೆಟ್ ನೀರು ಮತ್ತು ಒದ್ದೆ ಗೋಣಿಚೀಲ ಇರಲಿ. ನಮ್ಮಲ್ಲಿ ಹಳೆ ಫೆಲ್ಟಿನ ಒಂದು ಚೂರಿಗೆ ಕಿಡಿ ತಾಗಿ ಹೊತ್ತಿಕೊಂಡಿತ್ತು, ಗೋಣಿಚೀಲ ಇದ್ದಿದ್ದಕ್ಕೆ ಉಳಿಯಿತು.

ತಪ್ಪು ಒಂದು. ತುಕ್ಕು ಹಿಡಿಯೋದಿಲ್ಲ ಅಂತ ಜಿಪಿ ಶೀಟ್ ತಂದೆ. ಅದರ ಮೇಲೆ ಸತುವಿನ ಲೇಪ ಇರುತ್ತದೆ. ಬೆಸೆದರೆ ಬಿಳಿ ಹೊಗೆ, ಬೆಸುಗೆ ತುಂಬಾ ಸೂಜಿಯಷ್ಟು ತೂತು. ಆವತ್ತು ಸಂಜೆ ನನಗೆ ಚಳಿ ಜ್ವರ, ಬಾಯಲ್ಲಿ ತಾಮ್ರದ ನಾಣ್ಯ ಇಟ್ಟ ಹಾಗೆ ರುಚಿ. ಮರುದಿನ ಇಳಿಯಿತು. ಸತುವಿನ ಹೊಗೆಯಿಂದ ಬರುವ ಜ್ವರ ಅದು. ದಯವಿಟ್ಟು ಮನೆಯಲ್ಲಿ ಜಿಪಿ ಬೆಸೆಯಬೇಡಿ. ಆಮೇಲೆ ಸತುವಿನ ಲೇಪ ಇಲ್ಲದ 20 ಗೇಜಿನ ಸಿಆರ್ ಶೀಟ್ ತಂದೆ, ಅದೇ 0.9 ಮಿ.ಮೀ.

ತಪ್ಪು ಎರಡು. ಬಲಗಡೆ ನೆಲದಲ್ಲಿ ಚುಕ್ಕಿ ಚೆನ್ನಾಗಿ ಬೀಳುತ್ತಿವೆ ಅಂತ ಖುಷಿಯಾಗಿ ಆರು ಇಂಚು ಒಂದೇ ಸಮ ಎಳೆದೆ. ಶೀಟು ಬಿಸಿಗೆ ಹಪ್ಪಳದಂತೆ ಎದ್ದಿತು, ನಡುವೆ 7 ಮಿ.ಮೀ. ಉಬ್ಬು. ಕತ್ತರಿಸಿ ತೆಗೆದು ಮತ್ತೆ ಮಾಡಿದೆ. ಇಂಚಿಗೊಂದು ಚುಕ್ಕಿ, ಈ ಕಡೆ ಒಂದು, ಆ ಕಡೆ ಒಂದು. ಕೈ ಇಟ್ಟರೆ ಸುಡದಷ್ಟು ತಣ್ಣಗಾದ ಮೇಲೆ ಮುಂದಿನದು. ಒಂದು ಅಡಿಗೆ ಮುಕ್ಕಾಲು ತಾಸು ಹಿಡಿಯುತ್ತದೆ, ಹಿಡಿಯಲಿ.

ತಪ್ಪು ಮೂರು, ಇದೇ ದೊಡ್ಡದು. ಚಾಸಿ ಬೇರೆ ಇದೆಯಲ್ಲ, ಬಾಡಿ ಎಲ್ಲಿ ಹೋಗುತ್ತದೆ ಅಂದುಕೊಂಡು, ಆಧಾರ ಕೊಡದೆ ಎಡಗಡೆ ಸಿಲ್ಲು ಪೂರ್ತಿ ಕತ್ತರಿಸಿದೆ. ಹೊಸದನ್ನು ಬೆಸೆದು ಬಾಗಿಲು ಹಾಕಿದರೆ ಮುಚ್ಚಲೇ ಇಲ್ಲ. ಬಾಗಿಲು ಮತ್ತು ನಡುಗಂಬದ ನಡುವೆ ಮೊದಲು ಮೇಲೆ 5, ಕೆಳಗೆ 5 ಮಿ.ಮೀ. ಇದ್ದದ್ದು ಈಗ ಮೇಲೆ 2, ಕೆಳಗೆ 8. ಬಾಡಿ ಕುಗ್ಗಿತ್ತು. ಕಾಕಾ ಬಂದು ನೋಡಿದರು, ಬಯ್ಯಲಿಲ್ಲ. ಬೆಸುಗೆ ಬಿಡಿಸಿ, ಮರದ ತುಂಡಿನ ಮೇಲೆ ಜಾಕ್ ಕೊಟ್ಟು ಕಾಲು ಸುತ್ತು, ಕಾಲು ಸುತ್ತು ಎತ್ತಿದೆವು. ಮೇಲೆ ಕೆಳಗೆ ಎರಡೂ 5ಕ್ಕೆ ಬಂದ ಮೇಲೆ ಬಾಗಿಲ ಚೌಕಟ್ಟಿಗೆ ಒಂದು ಇಂಚಿನ ಚೌಕ ಪೈಪು ಅಡ್ಡಡ್ಡ ಚುಕ್ಕಿ ಬೆಸುಗೆಯಿಂದ ನಿಲ್ಲಿಸಿ, ಆಮೇಲೆ ಸಿಲ್ಲು ಬೆಸೆದೆವು. ಬಲಗಡೆ ಮೊದಲೇ ಪೈಪು ಹಾಕಿದ್ದೆ, ಒಂದು ಕೂದಲೂ ಸರಿಯಲಿಲ್ಲ.

ಫೆಬ್ರುವರಿಯಿಂದ ಏಪ್ರಿಲ್ 2025: ಬಣ್ಣ ಮತ್ತು ಉಳಿದದ್ದು

ಉಳಿದ ತುಕ್ಕಿಗೆ ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ತಿಕ್ಕಿ, ಸಣ್ಣ ಕುಳಿಗಳಿಗೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ ಹಚ್ಚಿದೆ. ಬ್ರಷ್ಷಿನ ತಂತಿ ಹಾರುತ್ತದೆ, ಕನ್ನಡಕ ಇಲ್ಲದೆ ಮಾಡಬೇಡಿ. ಆಮೇಲೆ ಎರಡು ಕೋಟ್ ಎಪಾಕ್ಸಿ ಪ್ರೈಮರ್. ಪುಟ್ಟಿ ಬೇಕಾದ ಕಡೆ ಪ್ರೈಮರ್ ಮೇಲೆ, ತೆಳ್ಳಗೆ. ಬರಿ ಕಬ್ಬಿಣದ ಮೇಲೆ ಎಲ್ಲೂ ಇಲ್ಲ. ಜೋಡಣೆಗಳಿಗೆ ಸೀಮ್ ಸೀಲರ್. ಅಂಡರ್ ಕೋಟ್ ಹೊಡೆಯುವ ಮುಂಚೆ ಈ ಸಲ ಪ್ರತಿ ತೂತಿಗೂ ಊದಿನಕಡ್ಡಿಯ ಕೋಲು ಚುಚ್ಚಿಟ್ಟೆ. ಒಣಗಿದ ಮೇಲೆ ಎಣಿಸಿ ತೆಗೆದೆ, 18.

ಬಣ್ಣ ಹೊರಗೆ ಮಾಡಿಸಿದೆ, ಮೂಲ ಬಿಳಿಯೇ. ಮನೆ ಮುಂದೆ ಧೂಳು ಜಾಸ್ತಿ, ಅದು ನನ್ನ ಕೈಲಾಗೋ ಕೆಲಸ ಅಲ್ಲ. ಬ್ರೇಕ್ ಸಿಲಿಂಡರುಗಳಿಗೆ ಹೊಸ ಕಿಟ್, ಹಿಂದಿನ ಎರಡು ಕಬ್ಬಿಣದ ಪೈಪು ಹೊಸದು. ವೈರಿಂಗ್ ಬಗ್ಗೆ ಮೇಲೆ ಬರೆದಿದ್ದೇನೆ. ಡಿಕ್ಕಿ ಬೀಡಿಂಗ್ ಮೂಲದ್ದು ಸಿಗದೆ, ಹಳೆಯದರ ಎರಡು ಇಂಚು ಕತ್ತರಿಸಿ ತೋರಿಸಿ ಅದೇ ಆಕಾರದ್ದು ಮೀಟರ್ ಲೆಕ್ಕದಲ್ಲಿ ತಂದೆ.

ಖರ್ಚು: ಟೋಯಿಂಗ್ 3,500. ಇಂಜಿನ್, ಡೀಸೆಲ್ ಪಂಪ್, ನಾಜಲ್ ಸೇರಿ 38,400. ನೀರಿಗೆ ಹೋದ ಮೊದಲ ನೆಲ 6,200. ವೆಲ್ಡಿಂಗ್ ಬಾಡಿಗೆ, ಗ್ಯಾಸ್, ತಂತಿ 14,800. ಶೀಟು, ಕಟಿಂಗ್ ವೀಲ್, ಬ್ರಷ್ 9,700. ಪ್ರೈಮರ್, ಸೀಲರ್, ಕೋಟಿಂಗ್ 11,300. ಬಣ್ಣ 46,000. ಬ್ರೇಕ್ 8,900. ಟೈರು ನಾಲ್ಕು 19,600. ಬ್ಯಾಟರಿ 6,400. ಬೀಡಿಂಗ್ 5,350. ಒಟ್ಟು 1,70,150 ರೂಪಾಯಿ. ಕಾಕಾ ಕಲಿಸಿದ್ದಕ್ಕೆ ದುಡ್ಡು ತಗೊಳ್ಳಲಿಲ್ಲ, ಕುಂದಾ ಕೊಟ್ಟೆ.

ಆರ್‌ಸಿ ನವೀಕರಣ ಬಾಕಿ ಇದೆ, ಹಾಗಾಗಿ ಗಾಡಿ ಇನ್ನೂ ರಸ್ತೆಗೆ ಇಳಿದಿಲ್ಲ. 2022ರ ಏಪ್ರಿಲ್‌ನಲ್ಲಿ ಹಳೆ ಕಾರಿನ ನವೀಕರಣ ಶುಲ್ಕ 600ರಿಂದ 5,000 ಆಗಿತ್ತು, ಈಗಿನದನ್ನು ಕೇಳಿ ಲೆಕ್ಕದಲ್ಲಿ ಇಟ್ಟುಕೊಳ್ಳಿ. ವಿಂಟೇಜ್ ಅಂತ ನೋಂದಣಿ ಮಾಡಿಸಬಹುದಾ ಅಂತ ಕೆಲವರು ಕೇಳಿದರು. ಅದಕ್ಕೆ ಗಾಡಿಗೆ 50 ವರ್ಷ ದಾಟಿರಬೇಕು, ಇದಕ್ಕೆ ಈಗ 30.

ಜೂನ್ 2025: ಮಳೆ

ಈ ವರ್ಷ ಮಳೆ ಮೇ ಕೊನೆಗೇ ಬಂತು. ತಾಡಪತ್ರಿ ಹಾಕಲಿಲ್ಲ. ಫೆಲ್ಟು, ಕಾರ್ಪೆಟ್ಟು ಬೇಕಂತಲೇ ಇನ್ನೂ ಹಾಸಿಲ್ಲ. ನೆಲದ ತುಂಬಾ ಹಳೆ ಪೇಪರ್ ಹಾಸಿ ಮೇಲೆ ರಂಗೋಲಿ ಉದುರಿಸಿ ಬಾಗಿಲು ಮುಚ್ಚಿದೆ. ಹನ್ನೊಂದು ದಿನ ತೆಗೆಯಲಿಲ್ಲ. ದಿನಾ ಆಫೀಸಿಗೆ ಹೋಗುವಾಗ ಬಾಗಿಲ ತಳ ಮಾತ್ರ ನೋಡುತ್ತಿದ್ದೆ. ನಾಲ್ಕೂ ಬಾಗಿಲ ತೂತುಗಳಿಂದ ನೀರು ಹನಿಹನಿಯಾಗಿ ಹೊರಗೆ ಬೀಳುತ್ತಿತ್ತು.

ಹನ್ನೆರಡನೇ ದಿನ ಮಾವ ಬಂದಿದ್ದರು, ಅವರ ಕೈಯಲ್ಲೇ ಬಾಗಿಲು ತೆಗೆಸಿದೆ. ಬಗ್ಗಿ ಎಡಗಡೆ ಕಾಲಿಡುವ ಜಾಗದ ಪೇಪರ್ ಎತ್ತಿ ಬೆರಳಲ್ಲಿ ಸವರಿದರು. ಒಣಗಿತ್ತು, ರಂಗೋಲಿ ಕೈಗೆ ಹತ್ತಿತು. ಬಲಗಡೆಯೂ ಒಣ. ಡಿಕ್ಕಿಯ ಎಡಮೂಲೆಯಲ್ಲಿ ಮಾತ್ರ ಅಂಗೈ ಅಗಲ ಪೇಪರ್ ಒದ್ದೆಯಾಗಿದೆ. ಬೀಡಿಂಗಿನ ಎರಡು ತುದಿ ಸೇರುವ ಜಾಗ ಅದು. ಜೋಡಣೆಯನ್ನು ಕೆಳಗಿನ ಮೂಲೆಯಲ್ಲಿ ಇಟ್ಟಿದ್ದೆ, ಮೇಲೆ ನಡುವಿಗೆ ಬರುವಂತೆ ಇಡಬೇಕಿತ್ತು. ಮೂರೂವರೆ ಮೀಟರ್ ಹೊಸದು ಹೇಳಿ ಬಂದಿದ್ದೇನೆ, ಶನಿವಾರ ಸಿಗುತ್ತದೆ.